ದುಡ್ಡಿಗೆ ಹೆಸರಿಟ್ಟ ಕವರು

ಭದ್ರಾವತಿಯಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ‘ಬಟವಾಡೆ’ ಅಂದರೆ ಈಗಲೂ ಮನಸ್ಸು ಅರಳುತ್ತದೆ. ಸಂಬಳ ಹಂಚುವ ಆ ದಿನ ಸಂಜೆ ಪೇಟೆಯ ಬೆಳಕೇ ಬೇರೆ. ಅಪ್ಪ ಕಾರ್ಖಾನೆಯಿಂದ ಬಂದು ಸಂಬಳದ ಕವರನ್ನು ದೇವರ ಮುಂದಿಟ್ಟು ಕೈಮುಗಿಯುತ್ತಿದ್ದರು. ದೀಪ ಹಚ್ಚಿದ ಮೇಲೆ ಅಮ್ಮ ಅದನ್ನು ಒಡೆದು ನೆಲದ ಮೇಲೆ ನೋಟು ಹರಡಿಕೊಂಡು ಕೂರುತ್ತಿದ್ದಳು. ಸುತ್ತ ಹಳೆಯ ಮದುವೆ ಕರೆಯೋಲೆಗಳ ಖಾಲಿ ಕವರುಗಳು. ಒಂದರ ಮೇಲೆ ‘ದಿನಸಿ’, ಇನ್ನೊಂದರ ಮೇಲೆ ‘ಹಾಲು’, ಮತ್ತೊಂದರ ಮೇಲೆ ‘ಫೀಸು’. ಅರಿಸಿನ ಮೆತ್ತಿದ ಒಂದು ಕವರಿನ ಮೇಲೆ ‘ಯಾತ್ರೆ’ ಅಂತ ಪೆನ್ಸಿಲ್‌ನಲ್ಲಿ ಬರೆದಿರುತ್ತಿದ್ದಳು. ಧರ್ಮಸ್ಥಳ, ಶೃಂಗೇರಿ, ಒಂದು ಸಲ ತಿರುಪತಿ, ಎಲ್ಲಾ ಕಡೆಗೂ ನಾವು ಹೋಗಿಬಂದದ್ದು ಆ ಕವರಿನಿಂದಲೇ.

ಈಗ ಶಿವಮೊಗ್ಗದಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯರು ಮೊಬೈಲ್‌ನಲ್ಲಿ ‘ಕ್ಯಾಶ್ ಎನ್ವಲಪ್’ ವಿಡಿಯೋ ನೋಡಿ, ಪ್ರವಾಸಕ್ಕೆ ದುಡ್ಡು ಕೂಡಿಡಲು ಬಣ್ಣದ ಕವರುಗಳನ್ನು ತರಿಸುತ್ತಿದ್ದಾರೆ. ನನಗೆ ಅದು ನಿಜವಾಗಿಯೂ ಖುಷಿ. ಆದರೆ ಅದರ ಸುತ್ತ ಕೇಳಿಬರುವ ಕೆಲವು ಮಾತುಗಳು ತಪ್ಪು. ಆ ತಪ್ಪಿನಿಂದಲೇ ಮೂರನೇ ತಿಂಗಳಿಗೆ ಕವರು ಖಾಲಿಯಾಗಿ, ಪ್ರವಾಸ ನಿಂತುಹೋಗುವುದನ್ನು ಕಂಡಿದ್ದೇನೆ.

ನಂಬಿಕೆ: ಇದು ಹೊರದೇಶದಿಂದ ಬಂದ ಹೊಸ ಉಪಾಯ.

ಸತ್ಯ: ಹೆಸರು ಹೊಸದು, ಕೆಲಸ ಹಳೆಯದು. ಹರಕೆ ಹೊತ್ತವರು ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ತಿಮ್ಮಪ್ಪನ ಹೆಸರಲ್ಲಿ ಮುಡಿಪು ಇಡುತ್ತಿದ್ದರಲ್ಲ, ಅದೂ ಇದೇ. ಮುಡಿಪಿನ ದುಡ್ಡನ್ನು ಮನೆಯಲ್ಲಿ ಎಷ್ಟೇ ಕಷ್ಟವಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ. ಇನ್ನು ಭದ್ರಾವತಿಯಂಥ ಊರಿನ ನಗದು ಬಟವಾಡೆಗೆ ಕಾನೂನಿನ ಬೆಂಬಲವೂ ಇತ್ತು. 1936ರ ವೇತನ ಪಾವತಿ ಕಾಯ್ದೆ ಕೂಲಿಯನ್ನು ನಾಣ್ಯ, ನೋಟಿನಲ್ಲೇ ಕೊಡಬೇಕು ಎಂದಿತ್ತು. ಸಾವಿರ ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ತಿಂಗಳು ಮುಗಿದ ಹತ್ತು ದಿನದೊಳಗೆ ಬಟವಾಡೆ ಆಗಬೇಕಿತ್ತು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಇವೆರಡರ ಸಂಬಳದ ಮೇಲೆ ನಿಂತ ಮನೆಗಳಲ್ಲಿ ನೋಟು ಎಣಿಸಿ ಪಾಲು ಮಾಡುವುದು ಹೆಂಗಸರಿಗೆ ಅಡುಗೆಯಷ್ಟೇ ರೂಢಿಯಾಗಿತ್ತು.

ನಂಬಿಕೆ: ದುಡ್ಡು ಮನೆಯಲ್ಲೇ, ಕೈಯಳತೆಯಲ್ಲೇ ಇದ್ದರೆ ಕ್ಷೇಮ.

ಸತ್ಯ: ಇದನ್ನು ಬರೆಯುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಅಮ್ಮ ಡಬ್ಬಿ, ಬೀರು ಎಲ್ಲಾ ತಡಕಿ ಸಿಕ್ಕಿದ್ದನ್ನು ಬ್ಯಾಂಕಿಗೆ ಕಟ್ಟಿದಳು. ಕಾಶಿಗೆ ಅಂತ ಎತ್ತಿಟ್ಟಿದ್ದ ಒಂದು ಕವರು ಮಾತ್ರ ಅವಳ ಮದುವೆ ಸೀರೆಯ ಮಡಿಕೆಯೊಳಗೆ ಉಳಿದುಹೋಯಿತು. ಮರುವರ್ಷ ಯುಗಾದಿಗೆ ಮನೆ ತೊಳೆಯುವಾಗ ಅದು ಸಿಕ್ಕಿತು. ಐನೂರರ ಒಂಬತ್ತು ನೋಟು, ನಾಲ್ಕೂವರೆ ಸಾವಿರ. ಬ್ಯಾಂಕಿಗೆ ಕಟ್ಟುವ ಗಡುವು ಡಿಸೆಂಬರ್ 30ಕ್ಕೇ ಮುಗಿದಿತ್ತು. ಅಮ್ಮ ಅಳಲಿಲ್ಲ. ಆ ನೋಟುಗಳನ್ನು ಒಂದೊಂದಾಗಿ ಬಿಡಿಸಿ, ಇಸ್ತ್ರಿ ಮಾಡಿದ ಹಾಗೆ ಕೈಯಿಂದ ಒತ್ತಿ ಒತ್ತಿ ಸರಿಮಾಡಿ ಮತ್ತೆ ಅದೇ ಕವರಿಗೆ ಹಾಕಿಟ್ಟಳು.

ಅಂಥ ರಾತ್ರಿ ದಿನಾ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಕಳ್ಳತನ, ಗೆದ್ದಲು, ಮಳೆಗಾಲದ ತೇವ ಮಲೆನಾಡಿನ ಬಾಗಿಲಲ್ಲಿರುವ ನಮಗೆ ಹೊಸತಲ್ಲ. ಅದಕ್ಕೇ ನನ್ನ ಅಭಿಪ್ರಾಯ ಇದು: ಕವರಿನಲ್ಲಿ ಎರಡು ಮೂರು ತಿಂಗಳ ದುಡ್ಡಿಗಿಂತ ಹೆಚ್ಚು ಇರಬಾರದು. ತುಂಬಿದ ಕೂಡಲೇ ಬ್ಯಾಂಕಿಗೆ ಹೋಗಬೇಕು. ತಿಂಗಳಿಗಿಷ್ಟು ಎಂದು ಕಟ್ಟುವ ಆರ್‌ಡಿ ಮಾಡಿಸುವವರು ಒಂದು ಗಮನಿಸಿ: ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಬರುವ ಬೇಸಿಗೆಯ ಪ್ರವಾಸಕ್ಕೆ ಅದು ಹೊಂದುವುದಿಲ್ಲ. ಬ್ಯಾಂಕಿನಲ್ಲಿ ಆರು ತಿಂಗಳಿಗೆ, ಒಂದು ವರ್ಷಕ್ಕೆ ಮಾಡಿಸಬಹುದು. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯೂ ಇದೆ. ಸೀರೆಯ ಮಡಿಕೆಗೆ ಅದಿಲ್ಲ.

ನಂಬಿಕೆ: ಹಾಗಾದರೆ ಫೋನ್‌ಪೇ ಕಾಲದಲ್ಲಿ ಕವರು ಯಾಕೆ ಬೇಕು?

ಸತ್ಯ: ಕವರಿನ ಬಲ ಇರುವುದು ನೋಟಿನಲ್ಲಲ್ಲ, ಗೆರೆ ಎಳೆಯುವುದರಲ್ಲಿ. ದಿಲೀಪ್ ಸೋಮನ್, ಅಮರ್ ಚೀಮಾ ಎಂಬ ಸಂಶೋಧಕರು ನಮ್ಮದೇ ದೇಶದ ಹಳ್ಳಿಗಾಡಿನ ಕೂಲಿಕಾರರ ಜೊತೆ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕೂಲಿಯಲ್ಲಿ ಒಂದು ಪಾಲನ್ನು ಅಂಟಿಸಿದ ಕವರಿನಲ್ಲಿಟ್ಟು ಕೊಟ್ಟರು. ಕೆಲವರಿಗೆ ಒಂದೇ ಕವರು, ಕೆಲವರಿಗೆ ಅಷ್ಟೇ ದುಡ್ಡು ಎರಡು ಕವರಿನಲ್ಲಿ. ಎರಡು ಕವರಿನವರು ಹೆಚ್ಚು ಉಳಿಸಿದರು. ಕವರಿನ ಮೇಲೆ ತಮ್ಮ ಮಕ್ಕಳ ಫೋಟೋ ಇದ್ದವರು ಫೋಟೋ ಇಲ್ಲದವರಿಗಿಂತ ಹೆಚ್ಚು ಉಳಿಸಿದರು. ಒಂದು ಕವರು ಹರಿದವನಿಗೆ ಇನ್ನೊಂದನ್ನು ಹರಿಯುವ ಮುಂಚೆ ಕೈ ತಡೆಯುತ್ತದೆ. ಅಮ್ಮ ‘ಯಾತ್ರೆ’ಗೆ ಅರಿಸಿನ ಹಚ್ಚುತ್ತಿದ್ದುದರ ಹಿಂದಿನ ತಿಳಿವಳಿಕೆ ಇದೇ ಎಂದು ನನಗೆ ಈಗ ಅನ್ನಿಸುತ್ತದೆ.

ನೋಟಿಗೂ ಅದರದೇ ತೂಕವಿದೆ. ಅಮೆರಿಕದಲ್ಲಿ ಪ್ರೆಲೆಕ್, ಸಿಮೆಸ್ಟರ್ ಎಂಬಿಬ್ಬರು ವಿದ್ಯಾರ್ಥಿಗಳ ನಡುವೆ ಆಟದ ಟಿಕೆಟ್ ಹರಾಜು ಹಾಕಿ 2001ರಲ್ಲಿ ಫಲ ಪ್ರಕಟಿಸಿದರು. ನಗದೇ ಕೊಡಬೇಕಾಗಿದ್ದವರಿಗಿಂತ ಕಾರ್ಡು ಉಜ್ಜಬಹುದಾಗಿದ್ದವರು ಸುಮಾರು ಎರಡು ಪಟ್ಟಿನವರೆಗೆ ಕೂಗಿದ್ದರು. ಅದು ಕ್ರೆಡಿಟ್ ಕಾರ್ಡಿನ ಮಾತು. ಕ್ಯೂಆರ್ ಕೋಡಿಗೂ ಅಷ್ಟೇ ಲೆಕ್ಕ ಹಾಕಲಾಗದು. ಆದರೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಫೋನ್ ಎತ್ತಿ ಹಿಡಿದಾಗ ಹೋಗುವ ದುಡ್ಡಿಗೂ, ಎಣಿಸಿ ಕೊಟ್ಟಾಗ ಹೋಗುವ ದುಡ್ಡಿಗೂ ವ್ಯತ್ಯಾಸ ನಿಮಗೇ ಗೊತ್ತು. ನಗದು ಇಷ್ಟವಿಲ್ಲದವರು ಫೋನಿಗೆ ಜೋಡಿಸದ ಬೇರೊಂದು ಉಳಿತಾಯ ಖಾತೆ ಇಟ್ಟುಕೊಳ್ಳಲಿ. ಅದೂ ಕವರೇ.

ನಂಬಿಕೆ: ಒಟ್ಟು ಖರ್ಚನ್ನು ತಿಂಗಳಿಗೆ ಸಮನಾಗಿ ಹಂಚಿ ಹಾಕುತ್ತಾ ಹೋದರೆ ಸಾಕು.

ಸತ್ಯ: ಎಲ್ಲರೂ ಎಡವುವುದು ಇಲ್ಲೇ. ಪ್ರವಾಸದ ಖರ್ಚು ಒಂದೇ ದಿನ ಬರುವುದಿಲ್ಲ. ನಮ್ಮ ಮನೆಯ ಮಧುರೆ, ರಾಮೇಶ್ವರದ ಲೆಕ್ಕವನ್ನೇ ತೆಗೆದುಕೊಳ್ಳಿ. ಮೂವರಿಗೆ 30,000 ರೂಪಾಯಿ ಅಂದಾಜು. ರೈಲಿಗೆ 7,000, ರೂಮಿಗೆ 9,000, ಊಟ ತಿಂಡಿಗೆ 6,000, ಆಟೋ ಬಸ್ಸಿಗೆ 4,000, ದೇವಸ್ಥಾನ ಮತ್ತು ಸಣ್ಣಪುಟ್ಟದಕ್ಕೆ 2,000, ಕೊನೆಗೆ ಇನ್ನೊಂದು 2,000. ಅದೇನೆಂದು ಆಮೇಲೆ ಹೇಳುತ್ತೇನೆ. ಆಗಸ್ಟ್‌ನಿಂದ ಮೇವರೆಗೆ ಹತ್ತು ತಿಂಗಳು, ತಿಂಗಳಿಗೆ 3,000. ಮೇ ನಡುವೆ ಹೊರಡುವುದು.

ಈಗ ರೈಲ್ವೆ ಟಿಕೆಟ್ ಕಾದಿರಿಸುವ ಅವಧಿ 60 ದಿನ. 2024ರ ನವೆಂಬರ್ 1ರಿಂದ ಹೀಗಾಗಿದೆ, ಮೊದಲು 120 ದಿನ ಇತ್ತು. ಅಂದರೆ ಮಾರ್ಚ್ ನಡುವೆಯೇ ಟಿಕೆಟ್ ಆಗಬೇಕು. ರಜೆಯ ಕಾಲ, ತಡವಾದರೆ ಸೀಟಿಲ್ಲ. ಟಿಕೆಟ್ ಕವರಿಗೆ ತಿಂಗಳಿಗೆ 700ರಂತೆ ಸಮನಾಗಿ ಹಾಕಿದ್ದರೆ ಆಗ ಅದರಲ್ಲಿರುವುದು 5,600. ಕಡಿಮೆ ಬಿದ್ದ 1,400ನ್ನು ಊಟದ ಕವರಿನಿಂದ ತೆಗೆಯುತ್ತೇವೆ, ಅಲ್ಲಿಂದ ಎಲ್ಲಾ ಕಲಸಿಹೋಗುತ್ತದೆ. ಅದಕ್ಕೇ ಮೊದಲು ಖರ್ಚಾಗುವುದನ್ನು ಮೊದಲು ತುಂಬಬೇಕು. ಅಕ್ಟೋಬರ್ ಹೊತ್ತಿಗೆ ಟಿಕೆಟ್ ಕವರು ತುಂಬಿರುತ್ತದೆ, ಆಮೇಲೆ ರೂಮು, ಆಮೇಲೆ ಉಳಿದದ್ದು. ಸ್ಟೇಷನ್ನಿನ ಕೌಂಟರಿನಲ್ಲಿ ನಗದು ತೆಗೆದುಕೊಳ್ಳುತ್ತಾರೆ, ಬ್ಯಾಂಕಿಗೆ ಹಾಕಿದ್ದನ್ನು ತೆಗೆದು ಕವರಿನಲ್ಲೇ ಹಿಡಿದುಕೊಂಡು ಹೋಗಬಹುದು.

ನಂಬಿಕೆ: ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಪ್ರವಾಸಕ್ಕೆ ಕೂಡಿಡುವುದೇನು?

ಸತ್ಯ: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಿಗೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ಗಡಿ ದಾಟುವ ಬಸ್ಸಿಗೂ ಇಲ್ಲ. ರೂಮು, ಊಟ ಹೇಗೂ ನಮ್ಮದೇ. ಆದರೆ ಈ ಯೋಜನೆಯಿಂದ ಪ್ರವಾಸದ ಕವರು ನಿಜಕ್ಕೂ ತುಂಬಬಹುದು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವ ನನ್ನ ಗೆಳತಿಯೊಬ್ಬಳು ಮೊದಲು ಟಿಕೆಟ್‌ಗೆ ಕೊಡುತ್ತಿದ್ದಷ್ಟನ್ನು ಪ್ರತಿ ಶನಿವಾರ ಕವರಿಗೆ ಹಾಕುತ್ತಾಳೆ. ಹೋಗಿಬರಲು ದಿನಕ್ಕೆ 40 ಎಂದಿಟ್ಟುಕೊಂಡರೂ 25 ದಿನಕ್ಕೆ ಸಾವಿರ. ಕವರಿಗೆ ಹಾಕದೇ ಬಿಟ್ಟ ನಾವೆಲ್ಲರೂ ಆ ಸಾವಿರವನ್ನು ಖರ್ಚು ಮಾಡಿಯೇ ಇದ್ದೇವೆ. ಎಲ್ಲಿ ಎಂದು ಕೇಳಿದರೆ ನೆನಪಿಲ್ಲ.

ನಂಬಿಕೆ: ತಿಂಗಳ ಸಂಬಳ ಇರುವವರಿಗೆ ಮಾತ್ರ ಇದು ಆಗುತ್ತದೆ.

ಸತ್ಯ: ಅಡಿಕೆ ತೋಟದವರಿಗೆ ತಿಂಗಳ ಕವರು ಹೊಂದುವುದಿಲ್ಲ ಅನ್ನುವುದು ಸರಿ. ಅವರ ದುಡ್ಡು ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ ಬರುವುದು. ಅವರು ರಾಶಿ ಮಾರಿದ ದಿನವೇ ಪ್ರವಾಸದ ಪಾಲು ತೆಗೆದಿಟ್ಟರೆ ಮುಗಿಯಿತು, ವರ್ಷಕ್ಕೆ ಒಂದೇ ಸಲ. ಸಂಬಳದವರಾಗಲಿ ತೋಟದವರಾಗಲಿ, ದುಡ್ಡು ಬಂದ ದಿನ ತೆಗೆದದ್ದೇ ಉಳಿಯುವುದು. ತಿಂಗಳ ಕೊನೆಗೆ ಉಳಿದದ್ದನ್ನು ಹಾಕುತ್ತೇನೆ ಎಂದವರ ಕವರು ತುಂಬಿದ್ದನ್ನು ನಾನು ನೋಡಿಲ್ಲ.

ನಂಬಿಕೆ: ಒಂದು ಸಲ ಕವರಿನಿಂದ ತೆಗೆದರೆ ನೇಮ ಮುರಿದಂತೆ, ಮತ್ತೆ ಮುಂದುವರಿಸಿ ಪ್ರಯೋಜನವಿಲ್ಲ.

ಸತ್ಯ: ಮಗುವಿಗೆ ಜ್ವರ ಬಂದಾಗ ತೆಗೆಯಲೇಬೇಕು. ಅಮ್ಮ ತೆಗೆದಾಗಲೆಲ್ಲ ಅದೇ ಕವರಿಗೆ ಒಂದು ಚೀಟಿ ಹಾಕುತ್ತಿದ್ದಳು: ಎಷ್ಟು, ಯಾವತ್ತು, ಯಾತಕ್ಕೆ. ಮುಂದಿನ ಬಟವಾಡೆಗೆ ದುಡ್ಡು ತುಂಬಿ ಚೀಟಿ ಹರಿಯುತ್ತಿದ್ದಳು.

ಇನ್ನು ಆ ಕೊನೆಯ 2,000. ಪ್ರವಾಸದ ಲೆಕ್ಕ ಮನೆ ಬಾಗಿಲಿಗೆ ಮುಗಿಯುತ್ತದೆ ಎಂದು ನಾನೂ ನಂಬಿದ್ದೆ. ಮದುವೆಯಾದ ಹೊಸತರಲ್ಲಿ ಕನ್ಯಾಕುಮಾರಿಗೆ ಹೋಗಿ, ರಾತ್ರಿ ಹತ್ತರ ಮೇಲೆ ಶಿವಮೊಗ್ಗ ಸ್ಟೇಷನ್ನಿನಲ್ಲಿ ಇಳಿದಾಗ ಪರ್ಸಿನಲ್ಲಿ ಇದ್ದದ್ದು ಆಟೋಗೆ ಸಾಲದಷ್ಟು. ಬೆಳಗ್ಗೆ ಹಾಲಿಗೆ ಪಕ್ಕದ ಮನೆ ಅಕ್ಕನ ಹತ್ತಿರ ಕೈಚಾಚಿದೆ. ಸಂಬಳಕ್ಕೆ ಇನ್ನೂ ಎಂಟು ದಿನ ಇತ್ತು. ಅಂದಿನಿಂದ ಒಂದು ಕವರಿಗೆ ‘ಬಂದ ಮೇಲೆ’ ಎಂದು ಬರೆದು ಅಕ್ಕಿ ಡಬ್ಬಿಯಲ್ಲಿಟ್ಟು ಹೊರಡುತ್ತೇನೆ. ಅದರಲ್ಲಿ ಹಾಲು, ತರಕಾರಿ, ಆ ವಾರದ ಬಸ್ಸಿನ ದುಡ್ಡು ಇರುತ್ತದೆ. ಆಟೋದ ದುಡ್ಡು ಮಾತ್ರ ಬೇರೆಯಾಗಿ, ಬ್ಯಾಗಿನ ಒಳಜೇಬಿನಲ್ಲಿ.