ಮೀಸೆಯ ಬುಡದಲ್ಲಿದೆ ಸಿಂಹದ ಗುರುತು

ಆಫ್ರಿಕಾದ ಸೆರೆಂಗೆಟಿ ಬಯಲಿನ ಸಿಂಹಗಳೆಲ್ಲ ನಮ್ಮ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಸಂಶೋಧಕರು ಒಂದೊಂದನ್ನೂ ಹೇಗೆ ಗುರುತು ಹಿಡಿಯುತ್ತಾರೆ?

ಅವರು ನೋಡುವುದು ಮೀಸೆಯ ಬುಡವನ್ನು. ಸಿಂಹದ ಮೂತಿಯ ಎರಡೂ ಬದಿಗೆ ಮೀಸೆಗೂದಲು ಸಾಲುಸಾಲಾಗಿ ಹುಟ್ಟುತ್ತದೆ. ಬುಡದಲ್ಲಿ ಕಪ್ಪು ಚುಕ್ಕಿಗಳು. ಈ ಸಾಲುಗಳ ಮೇಲೆ ಕೆಲವೇ ಚುಕ್ಕಿಗಳ ಅರೆಬರೆ ಸಾಲೊಂದಿರುತ್ತದೆ. ಗುಟ್ಟು ಅಲ್ಲಿದೆ. ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ: ಒಂದು ಚುಕ್ಕಿ ಆಚೀಚೆಯಾದರೆ ಹೂವೇ ಬದಲಾಗುತ್ತದೆ. ಹಾಗೆಯೇ ಮೇಲಿನ ಚುಕ್ಕಿಗಳೆಷ್ಟು, ಕೆಳಸಾಲಿನ ಯಾವ ಚುಕ್ಕಿಯ ನೇರಕ್ಕಿವೆ ಎಂಬುದು ಸಿಂಹದಿಂದ ಸಿಂಹಕ್ಕೆ ಬೇರೆ. ಎಡಗೆನ್ನೆಯ ವಿನ್ಯಾಸ ಬಲಗೆನ್ನೆಗಿಲ್ಲ. ಮರಿಯಲ್ಲಿದ್ದದ್ದು ಮುಪ್ಪಿನವರೆಗೂ ಹಾಗೇ ಉಳಿಯುತ್ತದೆ. ಕಿವಿಯ ಹರುಕು, ಹಳೆಯ ಗಾಯದ ಕಲೆಗಳೂ ನೆರವಿಗೆ ಬರುತ್ತವೆ, ಆದರೆ ಅವು ಹೆಚ್ಚುತ್ತ ಹೋಗುತ್ತವೆ.

ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಮೊದಲು ಸಿಂಹ ಸಿಗಬೇಕು. ಒಂದು ಹಿಂಡಿನಲ್ಲಿ ಸಾಮಾನ್ಯವಾಗಿ ಒಂದು ಹೆಣ್ಣಿನ ಕೊರಳಿಗೆ ಸಂಕೇತ ಕಳಿಸುವ ರೇಡಿಯೊ ಪಟ್ಟಿ ಕಟ್ಟಿರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಜೀಪಿನ ಮೇಲೆ ಆಂಟೆನಾ ತಿರುಗಿಸಿ, ಬೀಪ್ ಸದ್ದು ಜೋರಾದ ದಿಕ್ಕಿಗೆ ಹೊರಡಬೇಕು. ಸಿಕ್ಕ ಸಿಂಹ ಬಹುಪಾಲು ಮಲಗಿರುತ್ತದೆ; ದಿನದಲ್ಲಿ ಇಪ್ಪತ್ತು ಗಂಟೆಯವರೆಗೂ ಅದು ಸುಮ್ಮನೆ ಬಿದ್ದಿರಬಲ್ಲದು. ಇನ್ನೊಂದು ಕೆನ್ನೆ ಕಾಣಬೇಕೆಂದರೆ ಅದಾಗಿಯೇ ಮಗ್ಗುಲು ಬದಲಿಸಬೇಕು. ಅಷ್ಟು ಹೊತ್ತೂ ಜೀಪಿನೊಳಗೆ, ಬಿಸಿಲಲ್ಲಿ, ದುರ್ಬೀನು ಹಿಡಿದು ಕಾಯುವುದು. ಆಮೇಲೆ ಒಂದೊಂದು ಸಿಂಹದ ಚುಕ್ಕಿ ಗುರುತಿಸಿಟ್ಟ ಕಾರ್ಡುಗಳೊಡನೆ ತಾಳೆ ನೋಡುವುದು.

ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾಲರ್ 1966ರಲ್ಲಿ ಸೆರೆಂಗೆಟಿಯಲ್ಲಿ ಆರಂಭಿಸಿದ ಅಧ್ಯಯನ ದಶಕಗಳ ಕಾಲ ಮುಂದುವರಿಯಿತು. ಯಾವ ತಾಯಿಗೆ ಯಾವ ಮರಿ, ಯಾವ ಗಂಡು ಯಾವ ಹಿಂಡಿಗೆ ಬಂತು ಎಂಬ ತಲೆಮಾರುಗಳ ವಂಶಾವಳಿ ನಮಗೆ ಸಿಕ್ಕಿರುವುದು ಇಂಥ ತಾಳ್ಮೆಯಿಂದ. ನಾಗರಹೊಳೆಯ ಹುಲಿಗಳನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಬೇರ್ಪಡಿಸಿದ್ದೂ ಮೈಮೇಲಿನ ಗುರುತಿನಿಂದಲೇ. ಅಲ್ಲಿ ಚುಕ್ಕಿಯ ಬದಲು ಪಟ್ಟೆ.