ಸಿತಾರ್ ಸೇರಿದ ಒಂದು ಆಂಗ್ಲ ಗೀತದ ಲಕ್ಷಣವಿಚಾರ

ಪರದೇಶದ ಹಾಡುಗಳ ವಿಷಯದಲ್ಲಿ ನಮ್ಮ ಗೃಹಸ್ಥರಲ್ಲಿ ಎರಡು ಬಗೆಯ ಅಭಿಪ್ರಾಯಗಳು ರೂಢವಾಗಿವೆ. ಅದು ಬರಿಯ ಗದ್ದಲವೆಂದು ಕಿವಿ ಮುಚ್ಚಿಕೊಳ್ಳುವವರು ಕೆಲವರು. ಅದರಲ್ಲಿ ಸಿತಾರಿನ ಧ್ವನಿ ಕೇಳಿಬಂದೊಡನೆ ನಮ್ಮ ಸಂಗೀತವು ದಿಗ್ವಿಜಯ ಮಾಡಿತೆಂದು ಹಿಗ್ಗುವವರು ಮತ್ತೆ ಕೆಲವರು. ವಿಚಾರಿಸಿ ನೋಡಿದರೆ ಇಬ್ಬರೂ ಹಾಡನ್ನು ಕಿವಿಗೊಟ್ಟು ಕೇಳಿದವರಲ್ಲ. ಮಕ್ಕಳಿಗೆ ಪ್ರಿಯವಾದುದನ್ನು ನಾವು ಪರೀಕ್ಷಿಸದೆ ಖಂಡಿಸಿದರೆ, ನಮಗೆ ಪ್ರಿಯವಾದುದನ್ನು ಅವರೂ ಪರೀಕ್ಷಿಸದೆ ಬಿಟ್ಟುಬಿಡುವರು. ನಷ್ಟವು ಉಭಯರಿಗೂ ಸಮಾನ. ಆದಕಾರಣ ಒಂದು ಗೀತವನ್ನು ಲಕ್ಷ್ಯವಾಗಿಟ್ಟುಕೊಂಡು ಅದರ ಲಕ್ಷಣವನ್ನು ವಿಚಾರಿಸೋಣ.

ಇಂಗ್ಲೆಂಡಿನ ಬೀಟಲ್ಸ್ ಎಂಬ ನಾಲ್ವರ ತಂಡವು ಹಾಡಿದ ‘ನಾರ್ವೀಜಿಯನ್ ವುಡ್’ ಎಂಬುದೇ ಆ ಗೀತ. 1965ನೆಯ ಇಸವಿ ಅಕ್ಟೋಬರ್ 12ರಂದು ಲಂಡನ್ನಿನಲ್ಲಿ ಅದನ್ನು ಮೊದಲು ಮುದ್ರಿಸಿ, ಅದರಿಂದ ತೃಪ್ತರಾಗದೆ 21ರಂದು ಪುನಃ ಹಾಡಿದರು. ಡಿಸೆಂಬರ್ 3ರಂದು ‘ರಬ್ಬರ್ ಸೋಲ್’ ಎಂಬ ಧ್ವನಿಮುದ್ರಿಕೆಯಲ್ಲಿ ಅದು ಪ್ರಕಟವಾಯಿತು. ಮುಖ್ಯ ಕರ್ತೃ ಜಾನ್ ಲೆನ್ನನ್. ಸಿತಾರ್ ನುಡಿಸಿದವರು ಜಾರ್ಜ್ ಹ್ಯಾರಿಸನ್. ವಿಫಲವಾದ ಒಂದು ಪ್ರಣಯಪ್ರಸಂಗವೇ ವಸ್ತು. ಕಾಲಪ್ರಮಾಣವು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು.

ಮೊದಲು ಲಯ. ನಿಮಿಷಕ್ಕೆ ಸುಮಾರು 60 ಘಾತಗಳು. ಪ್ರತಿಯೊಂದು ಘಾತದೊಳಗೂ ಮೂರು ಮೂರು ಮಾತ್ರೆಗಳು. ನಾವು ತಿಸ್ರಗತಿಯೆನ್ನುವುದು ಇದನ್ನೇ. ನಡೆಯು ತೊಟ್ಟಿಲು ತೂಗಿದಂತಿರುವುದೇ ಹೊರತು ಗದ್ದಲದ ಸುಳಿವೂ ಇಲ್ಲ.

ಇನ್ನು ಶ್ರುತಿ. ಆಧಾರಷಡ್ಜವು ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಬಿಳಿ ಮೂರು. ಗಿಟಾರಿನ ಎರಡನೆಯ ಮೆಟ್ಟಿನ ಮೇಲೆ ಒಂದು ಬಿಗಿಪಟ್ಟಿಯನ್ನು ತೊಡಿಸಿ ಈ ಶ್ರುತಿಯನ್ನು ಪಡೆದಿದ್ದಾರೆ. ಪಾಶ್ಚಾತ್ಯ ಗೀತಗಳಲ್ಲಿ ಸ್ವರಗುಚ್ಛಗಳು ಪದೇ ಪದೇ ಬದಲಾಗುವುದು ವಾಡಿಕೆ. ಇಲ್ಲಿಯಾದರೋ ಪಲ್ಲವಿಪ್ರಾಯವಾದ ಭಾಗವು ಬಹುಮಟ್ಟಿಗೆ ಒಂದೇ ಷಡ್ಜವನ್ನು ಆಶ್ರಯಿಸಿ ನಿಂತಿದೆ. ತಂಬೂರಿಯ ನಾದಕ್ಕೆ ಒಗ್ಗಿದ ಕಿವಿಗೆ ಇದು ಪರಕೀಯವೆನಿಸದು.

ವಿಶೇಷವಿರುವುದು ಸ್ವರಗಳಲ್ಲಿ. ಆ ಮೊದಲ ಭಾಗದಲ್ಲಿ ಚತುಃಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಃಶ್ರುತಿ ಧೈವತ, ಕೈಶಿಕಿ ನಿಷಾದಗಳಿವೆ. ಎಂದರೆ ನಮ್ಮ 28ನೆಯ ಮೇಳವಾದ ಹರಿಕಾಂಭೋಜಿಯ ಸ್ವರಗಳು. ಕಥೆಯು ನಡುವಿನ ಭಾಗಕ್ಕೆ ಬರುತ್ತಲೇ ಅಂತರ ಗಾಂಧಾರವು ತೊಲಗಿ ಸಾಧಾರಣ ಗಾಂಧಾರವು ಬರುವುದು. ಆಗ ಅದು 22ನೆಯ ಮೇಳವಾದ ಖರಹರಪ್ರಿಯವನ್ನು ಹೋಲುವುದು. ಒಂದು ಸ್ವರವು ಅರ್ಧ ಮೆಟ್ಟಿಲು ಇಳಿದ ಮಾತ್ರಕ್ಕೆ ಪರಿಹಾಸದ ಬೆಳಕಿನಲ್ಲಿದ್ದ ಕಥೆಯ ಮೇಲೆ ಮೋಡದ ನೆರಳು ಕವಿಯುತ್ತದೆ. ಆ ಭಾಗದ ಕೊನೆಗೆ ಪಕ್ಕವಾದ್ಯದಲ್ಲಿ ಕಾಕಲಿ ನಿಷಾದವು ಕ್ಷಣಕಾಲ ತಲೆದೋರಿ ನಮ್ಮನ್ನು ಮತ್ತೆ ಮೊದಲಿನ ಭಾಗಕ್ಕೆ ಕರೆದೊಯ್ಯುವುದು.

ಹಾಗಾದರೆ ಇದನ್ನು ಹರಿಕಾಂಭೋಜಿ ರಾಗವೆನ್ನಬಹುದೇ? ಎನ್ನಲಾಗದು. ಮೇಳವು ಅಸ್ಥಿಪಂಜರ, ರಾಗವು ಜೀವವುಳ್ಳ ಶರೀರ. ಗಮಕ, ನ್ಯಾಸ, ಸಂಚಾರಗಳಿಲ್ಲದೆ ಸ್ವರಸಮೂಹವು ರಾಗವಾಗದು. ಇಲ್ಲಿ ಸಿತಾರವು ಹಾಡಿನ ವರ್ಣಮೆಟ್ಟನ್ನು ಅನುಸರಿಸಿ ನುಡಿಯುವುದೇ ಹೊರತು ರಾಗಾಲಾಪನೆ ಮಾಡುವುದಿಲ್ಲ. ಹ್ಯಾರಿಸನ್ ಆಗ ಲಂಡನ್ನಿನ ಅಂಗಡಿಯೊಂದರಿಂದ ವಾದ್ಯವನ್ನು ಕೊಂಡು ತಂದಿದ್ದರು, ಅಷ್ಟೆ, ಗುರುಮುಖೇನ ಪಾಠವಾಗಿರಲಿಲ್ಲ.

ಅವರ ಶ್ಲಾಘ್ಯವಾದ ಕಾರ್ಯವು ಅನಂತರದ್ದು. ಕೀರ್ತಿಯ ಶಿಖರದಲ್ಲಿದ್ದ ಆ ಇಪ್ಪತ್ತಮೂರರ ತರುಣರು 1966ರಲ್ಲಿ ಪಂಡಿತ ರವಿಶಂಕರರನ್ನು ಕಂಡು ಶಿಷ್ಯತ್ವವನ್ನು ವಹಿಸಿದರು. ಅದೇ ಸೆಪ್ಟೆಂಬರಿನಲ್ಲಿ ಮುಂಬಯಿಗೆ ಬಂದು ನೆಲದ ಮೇಲೆ ಕುಳಿತು ಪಾಠ ಹೇಳಿಸಿಕೊಂಡರು. 1967ರಲ್ಲಿ ಅವರು ರಚಿಸಿದ ‘ವಿದಿನ್ ಯೂ ವಿದೌಟ್ ಯೂ’ ಎಂಬ ಗೀತದಲ್ಲಿ ತಬಲಾ ದಿಲ್‌ರುಬಾಗಳೂ ಸೇರಿ, ಆ ಅಭ್ಯಾಸದ ಫಲವು ಸ್ಪಷ್ಟವಾಗಿ ಕೇಳಿಸುವುದು. ವಾದ್ಯವನ್ನು ಹಣದಿಂದ ಕೊಳ್ಳಬಹುದು. ವಿದ್ಯೆಯು ವಿನಯದಿಂದಲೇ ಬರತಕ್ಕದ್ದು.

ಆದುದರಿಂದ ವಾಚಕರು ಈ ಗೀತವನ್ನು ನಿಂದಿಸಲೂ ಬೇಡ, ನಮ್ಮ ಜಯವೆಂದು ಡಂಗುರ ಸಾರಲೂ ಬೇಡ. ಬಿಡುವಾದ ಒಂದು ಸಂಜೆ ಮಕ್ಕಳೊಡನೆ ಕುಳಿತು ಕೇಳಲಿ. ಗಾಂಧಾರವು ಎಲ್ಲಿ ಬದಲಾಯಿತೆಂದು ಮಕ್ಕಳು ಗುರುತಿಸಲಿ. ಆಮೇಲೆ ಶ್ರುತಿ ಹಿಡಿದು ಹರಿಕಾಂಭೋಜಿ, ಖರಹರಪ್ರಿಯಗಳ ಆರೋಹಣಾವರೋಹಣಗಳನ್ನು ಹಾಡಿ ತೋರಿಸಿದರೆ, ಆ ಎರಡು ಮೇಳಗಳ ಭೇದವು ಅವರ ಮನಸ್ಸಿನಲ್ಲಿ ನಾಟಿ ನಿಲ್ಲುವುದು.