ತೋಟಾ ಕವಚಗಳಲ್ಲಿ ಒತ್ತಡದ ಚಿಹ್ನೆಗಳು (ರಿವಾಲ್ವರ್)

ಗುಂಡು ಹಾರಿಸಿದ ಬಳಿಕ ಉಳಿಯುವ ಖಾಲಿ ಹಿತ್ತಾಳೆ ಕವಚ ಮತ್ತು ಅದರ ತಳದಲ್ಲಿರುವ ಪ್ರೈಮರ್‌ಗಳ ಮೇಲೆ ಕಾಣುವ ಕೆಲವು ಲಕ್ಷಣಗಳಿಗೆ ಒತ್ತಡದ ಚಿಹ್ನೆಗಳೆಂದು ಹೆಸರು. ತೋಟಾಗಳನ್ನು ಸ್ವತಃ ಮರುಭರ್ತಿ ಮಾಡುವವರು ಅನಿಲದ ಒತ್ತಡವು ಮಿತಿ ಮೀರಿತೇ ಎಂಬುದನ್ನು ಇವುಗಳಿಂದ ಊಹಿಸುತ್ತಾರೆ. ರಿವಾಲ್ವರಿನಲ್ಲಿ ಈ ಚಿಹ್ನೆಗಳು ಬಹಳ ತಡವಾಗಿ ಮೂಡುತ್ತವೆ. ಆದುದರಿಂದ ಚಿಹ್ನೆ ಕಂಡರೆ ಅದು ಎಚ್ಚರಿಕೆ. ಕಾಣದಿದ್ದರೆ ಅದು ಸುರಕ್ಷತೆಗೆ ಪ್ರಮಾಣವಲ್ಲ.

ಹಿನ್ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮರುಭರ್ತಿಯು ಗುರಿಕಾರರ ವ್ಯಾಪಕ ಹವ್ಯಾಸವಾಗಿದೆ. ಅಲ್ಲಿ 1926ರಲ್ಲಿ ಸ್ಥಾಪಿತವಾದ, ‘ಸಾಮಿ’ ಎಂಬ ಸಂಕ್ಷಿಪ್ತ ನಾಮದ ತಯಾರಕರ ಸಂಸ್ಥೆಯು ಪ್ರತಿಯೊಂದು ಬಗೆಯ ತೋಟಾಕ್ಕೂ ಗರಿಷ್ಠ ಒತ್ತಡವನ್ನು ಗೊತ್ತುಪಡಿಸಿದೆ. ಚದರ ಅಂಗುಲಕ್ಕೆ ಪೌಂಡುಗಳ ಲೆಕ್ಕದಲ್ಲಿ ಈ ಮಿತಿಯು .45 ಕೋಲ್ಟ್ ತೋಟಾಕ್ಕೆ 14,000, .38 ಸ್ಪೆಷಲ್‌ಗೆ 17,000 ಮತ್ತು .357 ಮ್ಯಾಗ್ನಮ್‌ಗೆ 35,000 ಆಗಿದೆ. .30-06 ರೈಫಲ್ ತೋಟಾದ ಮಿತಿ 60,000. ಪ್ರಯೋಗಾಲಯಗಳಲ್ಲಿ ಒತ್ತಡವನ್ನು ಪೀಜೋವಿದ್ಯುತ್ ಸಂವೇದಕಗಳಿಂದ ಅಳೆಯಲಾಗುತ್ತದೆ. ಇಂತಹ ಉಪಕರಣವಿಲ್ಲದ ಹವ್ಯಾಸಿಗೆ ಖಾಲಿ ಕವಚವೇ ಪ್ರಮುಖ ಸಾಕ್ಷಿ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ನಿಷಿದ್ಧ.

ಪ್ರಮುಖ ಚಿಹ್ನೆಗಳು

ಕವಚದ ಅಂಟುವಿಕೆ: ಗುಂಡು ಹಾರಿದಾಗ ಕವಚವು ಹಿಗ್ಗಿ ಸಿಲಿಂಡರಿನ ಗೂಡಿಗೆ ಒತ್ತಿಕೊಳ್ಳುತ್ತದೆ, ಒತ್ತಡ ಇಳಿದೊಡನೆ ತುಸು ಕುಗ್ಗುತ್ತದೆ. ಒತ್ತಡ ಅತಿಯಾದರೆ ಈ ಕುಗ್ಗುವಿಕೆ ಸಾಲದೆ ಕವಚವು ಗೂಡಿನಲ್ಲಿಯೇ ಬಿಗಿದುಕೊಂಡು, ಹೊರದೂಡುವ ಕಡ್ಡಿಯನ್ನು ಬಲವಾಗಿ ಒತ್ತಬೇಕಾಗುತ್ತದೆ. ರಿವಾಲ್ವರಿನಲ್ಲಿ ಇದನ್ನೇ ಹೆಚ್ಚು ಉಪಯುಕ್ತ ಚಿಹ್ನೆಯೆಂದು ಪರಿಗಣಿಸುತ್ತಾರೆ.

ಚಪ್ಪಟೆಯಾದ ಪ್ರೈಮರ್: ಹೊಸ ಪ್ರೈಮರಿನ ಅಂಚು ದುಂಡಗಿರುತ್ತದೆ. ಅಧಿಕ ಒತ್ತಡದಲ್ಲಿ ಅದು ಹರಡಿ ಕುಳಿಯನ್ನು ಅಂಚಿನವರೆಗೂ ತುಂಬುತ್ತದೆ.

ಕುಳಿಯಂಚಿನ ಉಬ್ಬು: ಫೈರಿಂಗ್ ಪಿನ್ನಿನ ಗುರುತಿನ ಸುತ್ತ ಪ್ರೈಮರಿನ ಲೋಹವು ಬಳೆಯಂತೆ ಎದ್ದಿರುತ್ತದೆ.

ತೂತಾದ ಅಥವಾ ಸೋರಿದ ಪ್ರೈಮರ್: ಪ್ರೈಮರಿನಲ್ಲಿ ರಂಧ್ರ ಅಥವಾ ಅದರ ಸುತ್ತ ಮಸಿ ಕಂಡುಬಂದರೆ ಅನಿಲವು ಹಿಂದಕ್ಕೆ ನುಗ್ಗಿದೆಯೆಂದರ್ಥ. ಹೊಸ ಪ್ರೈಮರ್ ಕುಳಿಯಲ್ಲಿ ಸಡಿಲವಾಗಿ ಕೂರುವಂತಾದರೆ ಕವಚದ ತಳವೇ ಹಿಗ್ಗಿರುವ ಸಂಭವವಿದೆ. ಅಂತಹ ಕವಚವನ್ನು ಮತ್ತೆ ಬಳಸಬಾರದು.

ತಪ್ಪು ತಿಳಿವಳಿಕೆಗೆ ಎಡೆಮಾಡುವ ಲಕ್ಷಣಗಳು

ಇದೇ ಲಕ್ಷಣಗಳು ಬೇರೆ ಕಾರಣಗಳಿಂದಲೂ ಉಂಟಾಗಬಹುದು. ಮೃದು ಲೋಹದ ಪ್ರೈಮರ್ ಸಾಧಾರಣ ಒತ್ತಡದಲ್ಲಿಯೂ ಚಪ್ಪಟೆಯಾಗುತ್ತದೆ. ಫೈರಿಂಗ್ ಪಿನ್ನಿನ ರಂಧ್ರ ಅಗಲವಾಗಿದ್ದರೆ ಉಬ್ಬು ಮೂಡುತ್ತದೆ. ಪಿನ್ನಿನ ತುದಿ ಚೂಪಾಗಿದ್ದರೆ ಪ್ರೈಮರ್ ತೂತಾಗುತ್ತದೆ. .357 ಮ್ಯಾಗ್ನಮ್ ರಿವಾಲ್ವರಿನಲ್ಲಿ ಸುಮಾರು 3.4 ಮಿಲಿಮೀಟರ್ ಗಿಡ್ಡವಾದ .38 ಸ್ಪೆಷಲ್ ತೋಟಾಗಳನ್ನು ಬಹುಕಾಲ ಬಳಸಿದರೆ ಗೂಡಿನೊಳಗೆ ಕಿಟ್ಟದ ಉಂಗುರ ಬೆಳೆಯುತ್ತದೆ. ಆ ಬಳಿಕ ಹಾಕಿದ ಉದ್ದನೆಯ ಕವಚಗಳು ಒತ್ತಡ ಅತಿಯಾಗದೆಯೂ ಅಂಟಿಕೊಳ್ಳಬಹುದು.

ಕವಚದ ಬಾಯಿಯಲ್ಲಿ ಕಾಣುವ ಉದ್ದನೆಯ ಸೀಳು ಸಾಮಾನ್ಯವಾಗಿ ಅತಿ ಒತ್ತಡದ ಗುರುತಲ್ಲ. ಪದೇ ಪದೇ ಅಗಲಿಸಿ ಮಡಿಸಿದ ಹಿತ್ತಾಳೆ ಗಡುಸಾಗಿ ಬಿರಿಯುತ್ತದೆ. ಕವಚದ ಹೊರಮೈಗೆ ಮಸಿ ಹತ್ತಿದ್ದರೆ ಅದು ಬಹುಮಟ್ಟಿಗೆ ಕಡಿಮೆ ಒತ್ತಡದ ಲಕ್ಷಣ. ಕವಚವು ಸಾಕಷ್ಟು ಹಿಗ್ಗದೆ ಅನಿಲವು ಹಿಂದಕ್ಕೆ ಸೋರಿರುತ್ತದೆ. ಪ್ರೈಮರ್ ತಳದಿಂದ ಹೊರಚಾಚಿಕೊಂಡಿರುವುದೂ ಹಲವೊಮ್ಮೆ ದುರ್ಬಲ ಭರ್ತಿಯ ಗುರುತು.

ಮಿತಿಗಳು

.38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಎರಡಕ್ಕೂ ಒಂದೇ ಅಳತೆಯ ಸಣ್ಣ ಪಿಸ್ತೂಲು ಪ್ರೈಮರ್ ಬಳಕೆಯಾಗುತ್ತದೆ. 35,000 ಪೌಂಡುಗಳ ಒತ್ತಡದಲ್ಲಿ ಕೆಲಸ ಮಾಡುವ ಪ್ರೈಮರ್, 17,000ದ ಮಿತಿಯನ್ನು ಸ್ವಲ್ಪ ದಾಟಿದೊಡನೆ ಬದಲಾಗಬೇಕೆಂದಿಲ್ಲ. ಅದು ಚಪ್ಪಟೆಯಾಗುವ ಹೊತ್ತಿಗೆ .38 ಸ್ಪೆಷಲ್ ರಿವಾಲ್ವರಿನ ಒತ್ತಡವು ಮಿತಿಯ ಇಮ್ಮಡಿಯಾಗಿರಬಹುದು. .45 ಕೋಲ್ಟ್‌ನ ಹಳೆಯ ರಿವಾಲ್ವರುಗಳಲ್ಲಿ ಅಪಾಯ ಇನ್ನೂ ಹೆಚ್ಚು: ಹಿತ್ತಾಳೆ ಏನನ್ನೂ ಹೇಳುವ ಮುನ್ನವೇ ಸಿಲಿಂಡರ್ ಸಿಡಿಯಬಹುದು.

ಪ್ರಮಾದದಿಂದ ಎರಡು ಪಾಲು ಮದ್ದು ಬಿದ್ದ ತೋಟಾದ ವಿಷಯದಲ್ಲಿ ಪರಿಶೀಲನೆಯು ಸಂಪೂರ್ಣ ನಿಷ್ಫಲ. ವೇಗವಾಗಿ ಉರಿಯುವ ಮದ್ದು .38 ಸ್ಪೆಷಲ್ ಕವಚದ ಅರ್ಧಕ್ಕಿಂತ ಕಡಿಮೆ ಜಾಗ ಹಿಡಿಯುವುದರಿಂದ ಎರಡನೆಯ ಪಾಲಿಗೂ ಅದರಲ್ಲಿ ಎಡೆಯಿರುತ್ತದೆ. ಹಿಂದಿನ ತೋಟಾಗಳ ಕವಚಗಳು ಎಷ್ಟೇ ನಿರ್ದೋಷವಾಗಿದ್ದರೂ ಮುಂದಿನ ತೋಟಾದ ಬಗ್ಗೆ ಭರವಸೆ ನೀಡಲಾರವು. ಗುಂಡು ಕೂರಿಸುವ ಮೊದಲು ಬೆಳಕಿನಲ್ಲಿ ಪ್ರತಿಯೊಂದು ಕವಚದೊಳಗೂ ಇಣುಕಿ ಮದ್ದಿನ ಮಟ್ಟ ನೋಡುವುದೇ ಇದಕ್ಕಿರುವ ಪರಿಹಾರ.

ಪರಿಶೀಲನೆಯ ಕ್ರಮ

ಕವಚಗಳನ್ನು ಅವು ಬಂದ ಗೂಡಿನ ಕ್ರಮದಲ್ಲಿಯೇ ತೆಗೆದಿಡುವುದು ವಾಡಿಕೆ. ಒಂದೇ ಗೂಡಿನ ಕವಚ ಮಾತ್ರ ಮತ್ತೆ ಮತ್ತೆ ಅಂಟಿಕೊಂಡರೆ ದೋಷವು ಆ ಗೂಡಿನದ್ದಾಗಿರಬಹುದು. ಎಲ್ಲವೂ ಅಂಟಿಕೊಂಡರೆ ಭರ್ತಿಯ ಮೇಲೆ ಸಂಶಯಪಡಬೇಕಾಗುತ್ತದೆ. ಅದೇ ರಿವಾಲ್ವರಿನಲ್ಲಿ ಹಾರಿಸಿದ ಕಾರ್ಖಾನೆಯ ತೋಟಾದ ಕವಚವನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ವ್ಯತ್ಯಾಸ ಸುಲಭವಾಗಿ ಗೋಚರಿಸುತ್ತದೆ.

ಚಿಹ್ನೆ ಕಂಡೊಡನೆ ಗುಂಡು ಹಾರಿಸುವುದನ್ನು ನಿಲ್ಲಿಸಬೇಕು. ಆ ಸರಣಿಯ ಉಳಿದ ತೋಟಾಗಳನ್ನು ಬಿಚ್ಚಿ, ಮದ್ದು ತಯಾರಕರ ಪ್ರಕಟಿತ ಕೋಷ್ಟಕದ ಆರಂಭಿಕ ಪ್ರಮಾಣಕ್ಕೆ ಮರಳಬೇಕು. ಚಿಹ್ನೆ ಕಾಣುವವರೆಗೂ ಮದ್ದನ್ನು ಹೆಚ್ಚಿಸುತ್ತ ಹೋಗುವುದು ರಿವಾಲ್ವರಿಗೆ ಸಲ್ಲದ ಪದ್ಧತಿ. ಕವಚ ಏನೇ ತೋರಿಸಲಿ, ಕೋಷ್ಟಕದ ಗರಿಷ್ಠ ಪ್ರಮಾಣವನ್ನು ದಾಟಬಾರದು.